ವಾಹನದ ಒಳಮೈ ಬಣ್ಣದ ಬಾಳಿಕೆಯ ಕುರಿತು

ಸಾರ್ವಜನಿಕ ವಸ್ತುಗಳ ಬಾಳಿಕೆ ಮಂಡಳಿಯ ನಿರ್ದೇಶಕರ ಬಲ ಮೊಣಕೈಗೆ ಬೂದು ಬಣ್ಣ ಅಂಟಿಕೊಂಡಿರುವುದು ಮಂಡಳಿಯ ಗಮನಕ್ಕೆ ಬಂದಿತು. ಗಮನಕ್ಕೆ ತಂದವರು ಮಂಡಳಿಯವರಲ್ಲ. ಮಂಡಳಿಯವರು ಆ ಕಲೆಯನ್ನು ಎರಡು ವರ್ಷದಿಂದ ನೋಡುತ್ತಿದ್ದರೂ, ನಿರ್ದೇಶಕರ ಅಂಗಿಯ ಮೇಲಿರುವುದನ್ನು ನಿರ್ದೇಶಕರೇ ಬೇಕೆಂದು ಇಟ್ಟುಕೊಂಡಿರಬಹುದು ಎಂದು ಗೌರವದಿಂದ ಸುಮ್ಮನಿದ್ದರು. ಹೊಸ ನೀರಿನ ತೊಟ್ಟಿಯೊಂದರ ಬಾಳಿಕೆಯ ಬಗ್ಗೆ ಭಾಷಣ ಮಾಡುತ್ತ ನಿರ್ದೇಶಕರು ಕೈಯೆತ್ತಿದಾಗ, ಮುಂದಿನ ಸಾಲಿನಲ್ಲಿದ್ದ ಯಾರದೋ ಅಜ್ಜಿ "ಅಯ್ಯೋ, ಬಿಳೀ ಅಂಗಿ ಹಾಳಾಯ್ತಲ್ಲಪ್ಪಾ" ಎಂದು ಗಟ್ಟಿಯಾಗಿ ಮರುಗಿದ್ದರಿಂದ ವಿಷಯ ಕಡತಕ್ಕೆ ಸೇರಿತು.

ವಿಚಾರಣೆಯಲ್ಲಿ ತಿಳಿದದ್ದು ಇಷ್ಟು. ಮಂಡಳಿಗೆ ಇರುವುದು ಒಂದೇ ಕಾರು. ಊರಿನ ಸೇತುವೆ, ಕಂಬಿ, ಬೆಂಚು, ನಲ್ಲಿ, ಇವೆಲ್ಲ ಗಟ್ಟಿಯಾಗಿವೆಯೇ ಎಂದು ನಿರ್ದೇಶಕರು ನೋಡಿಕೊಂಡು ಬರುವುದು ಅದರಲ್ಲಿ. ಆ ಕಾರಿನ ಒಳಗಿನ ಪ್ಲಾಸ್ಟಿಕ್ಕಿಗೆ, ಅಂದರೆ ಡ್ಯಾಶ್‌ಬೋರ್ಡಿಗೆ, ಬಾಗಿಲುಗಳ ಒಳಹಲಗೆಗೆ, ಗೇರಿನ ಸುತ್ತಲ ಕವಚಕ್ಕೆ, ಪ್ರತಿ ವರ್ಷ ತಪಾಸಣೆಯ ಹಿಂದಿನ ದಿನ ಬಣ್ಣ ಬಳಿಯಲಾಗುತ್ತಿತ್ತು. ಬಳಿಯುತ್ತಿದ್ದವನು ಕಿಟಕಿಯ ಸರಳುಗಳಿಗೆ ಬಳಿಯುವ ಪೇಂಟರು, ಬಳಿಯುತ್ತಿದ್ದದ್ದು ಸರಳುಗಳಿಗೆ ಹಚ್ಚಿ ಮಿಕ್ಕಿದ ಬಣ್ಣ. ತಪಾಸಣೆಯ ದಿನ ಅದು ಥಳಥಳ ಹೊಳೆಯುತ್ತಿತ್ತು, ಮರುವಾರ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಎದ್ದದ್ದು ಕಾಣದಿರಲೆಂದು ಮೇಲೆ ಪಾಲಿಶ್ ಎಣ್ಣೆ ಒರೆಸುತ್ತಿದ್ದರು. ಮುಂದಿನ ವರ್ಷ ಆ ಎಣ್ಣೆಯ ಮೇಲೆಯೇ ಮತ್ತೆ ಬಣ್ಣ. ಹೀಗೆ ಒಂಬತ್ತು ವರ್ಷ, ಒಂಬತ್ತು ಪದರ. ಬಾಳಿಕೆ ಮಂಡಳಿಯಲ್ಲಿ ಬಾಳದೇ ಇದ್ದದ್ದು ಅದೊಂದೇ ಎಂದು ಹೇಳುವಂತಿಲ್ಲ, ಅಂಗಿಗೆ ಅಂಟಿದ್ದು ಮಾತ್ರ ಅದೊಂದೇ.

ಮಂಡಳಿ ಕೂಡಲೇ ಸುತ್ತೋಲೆ ಹೊರಡಿಸಿತು: "ವಾಹನದ ಒಳಮೈಗೆ ಬಳಿಯುವ ಬಣ್ಣವು ಇನ್ನು ಮುಂದೆ ಬಾಳತಕ್ಕದ್ದು. ಬಾಳದಿದ್ದಲ್ಲಿ ಸಂಬಂಧಪಟ್ಟ ಬಣ್ಣದ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು." ಸುತ್ತೋಲೆಯ ಒಂದು ಪ್ರತಿಯನ್ನು ಬಣ್ಣದ ತಿಳಿವಳಿಕೆಗಾಗಿ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದರು. ಅದನ್ನು ಕೀಳುವಾಗ ಅಂಗೈಯಗಲ ಬಣ್ಣವೂ ಜೊತೆಗೆ ಬಂತು.

ಈ ಹಂತದಲ್ಲಿ ಕಾರಿನ ಚಾಲಕ ತನ್ನ ಹೆಂಡತಿಯ ತಮ್ಮನ ಮಾತೆತ್ತಿದ. ತಮ್ಮ ಬಣ್ಣದವನು. ಮಂಡಳಿಯಿಂದ ಎರಡು ಬೀದಿ ಆಚೆ, ಟೈರಿನ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇಕ್ಕಟ್ಟಾದ ಒಂದು ಮಳಿಗೆ ಅವನದು. ಒಳಗೆ ಸದಾ ಥಿನ್ನರಿನ ವಾಸನೆ, ತಂತಿಗೆ ನೇತುಹಾಕಿದ ಬೈಕಿನ ಟ್ಯಾಂಕುಗಳು. ಒಳ್ಳೆಯ ಕೆಲಸಗಾರ, ಆದರೆ ಜುಟ್ಟು ಹಿಡಿದು ಎಳೆದರೂ ಜಾಗ ಬಿಟ್ಟು ಕದಲುವ ಪೈಕಿಯವನಲ್ಲ. "ನಾಳೆಗೇ ಬೇಕು" ಎಂದು ಬಂದವರಿಗೆ "ಹಾಗಾದ್ರೆ ಹೋದ ವಾರ ಬರ್ಬೇಕಿತ್ತು" ಎಂದು ಶಟರ್ ತೋರಿಸುತ್ತಿದ್ದ. ಹಾಗಾಗಿ ಗಿರಾಕಿಗಳು ಕಡಿಮೆ, ಬಂದವರು ಮಾತ್ರ ಎರಡನೇ ಸಲ ಬೇರೆ ಕಡೆ ಹೋಗುತ್ತಿರಲಿಲ್ಲ.

ಮಂಡಳಿಯ ಕೆಲಸ ಎಂದ ಕೂಡಲೇ ಅವನು ತಲೆ ಅಡ್ಡಡ್ಡ ಆಡಿಸಿದ್ದ. ಆಗ ಅಕ್ಕ ಬಂದಳು.

"ನೋಡೋ, ಮುಂದಿನ ತಿಂಗಳು ಕೊನೇ ತಾರೀಖು ತಪಾಸಣೆ. ಕಾರು ಸುಸ್ಥಿತಿಯಲ್ಲಿಲ್ಲ ಅಂತ ಬರೆದ್ರೋ, ಕಾರು ರದ್ದು. ಕಾರು ರದ್ದಾದ್ರೆ ನಿಮ್ಮ ಭಾವನೂ ರದ್ದು."

"ಭಾವ ಹೆಂಗೆ ರದ್ದಾಗ್ತಾರೆ ಅಕ್ಕ? ಅವ್ರೇನು ಸ್ಪೇರ್ ಪಾರ್ಟಾ?"

"ಅಲ್ಲಿ ಹಂಗೇ ಕಣೋ ರೂಲು."

ರೂಲು ನಿಜವಾಗಿಯೂ ಹಾಗೆಯೇ ಇತ್ತು. ಅಕ್ಕನ ಹಿಂದೆ ನಿಂತಿದ್ದ ಭಾವ ಅದನ್ನು ಬಾಯಿಪಾಠ ಹೇಳಿದ: "ವಾಹನವಿಲ್ಲದ ಚಾಲಕನನ್ನು ಚಾಲಕನೆಂದು ಪರಿಗಣಿಸತಕ್ಕದ್ದಲ್ಲ. ಚಾಲಕನಲ್ಲದವನು ಚಾಲಕನ ಹುದ್ದೆಯಲ್ಲಿ ಇರತಕ್ಕದ್ದಲ್ಲ." ಇಪ್ಪತ್ತಮೂರು ವರ್ಷ ಆ ಒಂದೇ ಸ್ಟೀರಿಂಗ್ ಹಿಡಿದ ಮನುಷ್ಯ. ಐವತ್ತು ದಾಟಿದೆ, ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ, ಹೊಸ ಕಡೆ ಯಾರೂ ಇಟ್ಟುಕೊಳ್ಳುವುದಿಲ್ಲ. ಹೇಳುವಾಗ ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ ಬಣ್ಣದವನು ಕೈಯಲ್ಲಿದ್ದ ಕುಂಚ ಕೆಳಗಿಟ್ಟ. ಅವನು ಒಪ್ಪಿಕೊಂಡ.

ನಿರ್ದೇಶಕರ ಕೋಣೆಯಲ್ಲಿ ಅವನನ್ನು ನಿಲ್ಲಿಸಿ ಕೇಳಿದರು. "ಎಲ್ಲಾ ಕಳಚಬೇಕು ಅಂತೀಯಂತೆ. ಕಾರಲ್ಲೇ ಇಟ್ಟು ಬಳಿಯೋಕಾಗಲ್ವಾ?"

"ಆಗುತ್ತೆ ಸಾರ್. ಒಂಬತ್ತು ವರ್ಷದಿಂದ ಹಂಗೇ ಆಗಿದೆ."

"ಎಷ್ಟು ದಿನ ಬೇಕು?"

"ಕೆಲಸಕ್ಕೆ ನಾಲ್ಕು ದಿನ. ಆಮೇಲೆ ಏಳು ದಿನ ಮುಟ್ಟಬಾರದು."

"ಏಳು ದಿನ ಯಾಕೆ? ಬಣ್ಣ ಅರ್ಧ ದಿನಕ್ಕೇ ಒಣಗುತ್ತಲ್ಲ?"

"ಒಣಗೋದು ಬೇರೆ, ಗಟ್ಟಿಯಾಗೋದು ಬೇರೆ ಸಾರ್. ಮುಟ್ಟಿದ್ರೆ ಅಂಟದೆ ಇರೋಕೆ ಅರ್ಧ ದಿನ ಸಾಕು. ಉಗುರು ಹಾಕಿ ಕೆರೆದ್ರೂ ಏಳದೆ ಇರ್ಬೇಕು ಅಂದ್ರೆ ಏಳು ದಿನ. ಇನ್ನೊಂದು, ಬಣ್ಣ ಬಾಳೋದು ಬಣ್ಣದಿಂದಲ್ಲ. ಕೆಳಗಿನ ಮೈ ಸ್ವಚ್ಛ ಇರ್ಬೇಕು, ಸ್ವಲ್ಪ ಒರಟಾಗಿರ್ಬೇಕು. ಎಣ್ಣೆ ಮೇಲೆ ದೇವಲೋಕದ ಬಣ್ಣ ತಂದು ಹಚ್ಚಿದ್ರೂ ಎದ್ದು ಬರುತ್ತೆ."

ನಿರ್ದೇಶಕರು ಇದನ್ನು ಬರೆದುಕೊಂಡರು, ಮುಂದಿನ ಎರಡು ಭಾಷಣಗಳಲ್ಲಿ ಸೇತುವೆಗಳ ಬಗ್ಗೆ ಇದನ್ನೇ ಹೇಳಿದರು ಎಂದು ಕೇಳಿದ್ದೇನೆ. ಕೆಲಸಕ್ಕೆ ಅನುಮತಿ ಸಿಕ್ಕಿತು. ಷರತ್ತು ಒಂದೇ: ಮಂಡಳಿಯ ಸ್ವತ್ತು ಮಂಡಳಿಯ ಆವರಣ ಬಿಟ್ಟು ಹೊರಗೆ ಹೋಗತಕ್ಕದ್ದಲ್ಲ. ಹಿತ್ತಲಿನ ಶೆಡ್ಡಿನಲ್ಲೇ ಎಲ್ಲವೂ ನಡೆಯಬೇಕು.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಬಣ್ಣದವನೂ ಭಾವನೂ ಸೇರಿ ಸ್ಕ್ರೂ ಬಿಚ್ಚಿ, ಕ್ಲಿಪ್ಪು ಮುರಿಯದಂತೆ ಎಬ್ಬಿಸಿ, ಹದಿನೇಳು ತುಂಡುಗಳನ್ನು ಹಳೇ ಪೇಪರಿನ ಮೇಲೆ ಸಾಲಾಗಿ ಮಲಗಿಸಿದರು. ಕಾರು ಒಳಗಿನಿಂದ ಬರೀ ತಗಡು, ತಂತಿ, ಹಳದಿ ಸ್ಪಂಜು. ಅಷ್ಟರಲ್ಲಿ ನಂಬರಯ್ಯ ಬಂದರು.

ನಂಬರಯ್ಯ ಎಂಬುದು ಉಗ್ರಾಣದ ಮುಖ್ಯಸ್ಥರಿಗೆ ಇಡೀ ಮಂಡಳಿ ಇಟ್ಟ ಹೆಸರು. ಎಡಗೈಯಲ್ಲಿ ಬಿಳಿ ಬಣ್ಣದ ಪುಟ್ಟ ಡಬ್ಬಿ, ಬಲಗೈಯಲ್ಲಿ ಸಣ್ಣ ಕುಂಚ, ಕಂಕುಳಲ್ಲಿ ದಾಸ್ತಾನು ಪುಸ್ತಕ. ಮಂಡಳಿಯಲ್ಲಿ ನಂಬರಿಲ್ಲದ ವಸ್ತುವಿರಲಿಲ್ಲ. ಗಡಿಯಾರಕ್ಕೆ ನಂಬರು, ಅದರ ಮೊಳೆಗೆ ಇನ್ನೊಂದು ನಂಬರು. ಒಮ್ಮೆ ಊಟದ ನಂತರ ಬಹಳ ಹೊತ್ತು ಅಲುಗದೆ ಕೂತಿದ್ದ ಗುಮಾಸ್ತರೊಬ್ಬರ ಬೆನ್ನಿಗೂ ನಂಬರು ಬಿದ್ದಿತ್ತು. ಅಳಿಸಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಅವರು ಅದೇ ಅಂಗಿಯಲ್ಲಿ ನಿವೃತ್ತರಾದರು.

"ಇವೇನು?" ಎಂದರು ನಂಬರಯ್ಯ.

"ಕಾರಿಂದು ಸಾರ್" ಎಂದ ಭಾವ.

"ಕಾರು ಅಲ್ಲಿದೆ. ಇವು ಇಲ್ಲಿವೆ. ನಲವತ್ತೊಂದನೇ ನಿಯಮ: ಮಂಡಳಿಯ ಆವರಣದಲ್ಲಿ ಬೇರೆ ಯಾವ ವಸ್ತುವಿಗೂ ಜೋಡಣೆಯಾಗದೆ ಒಂಟಿಯಾಗಿ ಬಿದ್ದಿರುವ ಪ್ರತಿಯೊಂದೂ ಸ್ವತಂತ್ರ ವಸ್ತು. ಸೂರ್ಯ ಮುಳುಗೋದ್ರೊಳಗೆ ನಂಬರ್ ಆಗ್ಬೇಕು."

"ಹನ್ನೊಂದು ದಿನ ಬಿಟ್ಟು ವಾಪಸ್ ಜೋಡಿಸ್ತೀವಿ ಸಾರ್!" ಎಂದ ಬಣ್ಣದವನು.

"ಜೋಡಿಸ್ರಿ. ಬೇಡ ಅಂದೋರ್ಯಾರು? ಈಗ ಒಂಟಿ ತಾನೇ?"

ಕುಂಚ ಆಗಲೇ ಡಬ್ಬಿಗೆ ಇಳಿದಿತ್ತು. ಬಣ್ಣದವನು ಕೈ ಮುಗಿದು, ಮುಂಬದಿಗೆ ಬೇಡ, ಹಿಂಬದಿಗೆ ಬರೆಯಿರಿ ಎಂದು ಬೇಡಿಕೊಂಡ. ನಂಬರಯ್ಯ ಕಲ್ಲುಮನಸ್ಸಿನವರಲ್ಲ, ಒಪ್ಪಿದರು. ಒಂದೊಂದನ್ನೂ ಮಗುಚಿ ನಂಬರು ಬರೆದು, ಹದಿನೇಳು ಹೊಸ ಆಸ್ತಿಗಳು ಒಂದೇ ಮಧ್ಯಾಹ್ನ ಮಂಡಳಿಗೆ ಸೇರಿದ ಸಂತೋಷದಲ್ಲಿ ಹೋದರು. ಪುಸ್ತಕದಲ್ಲಿ ಕಾರಿನ ಎದುರಿಗೆ ಒಂದು ಗೆರೆಯನ್ನೂ ಸೇರಿಸಿದರು: "ಒಳಮೈ: ಇಲ್ಲ."

ಆ ಗೆರೆಯನ್ನು ಆವತ್ತು ಯಾರೂ ಓದಲಿಲ್ಲ. ಬಣ್ಣದವನಿಗೆ ಕೈತುಂಬ ಕೆಲಸವಿತ್ತು. ಒಂಬತ್ತು ಪದರಗಳನ್ನು ಪ್ಲಾಸ್ಟಿಕ್ಕಿಗೆ ಗಾಯವಾಗದಂತೆ ಎಬ್ಬಿಸುವುದಕ್ಕೇ ಎರಡು ದಿನ ಹಿಡಿಯಿತು. ಸೋಪಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಸಂದೂ ತಿಕ್ಕಿದ. ಸ್ಪಿರಿಟ್ಟಿನಲ್ಲಿ ಒರೆಸಿದ, ಬಟ್ಟೆ ಕಪ್ಪಾಯಿತು. ಮತ್ತೆ ಒರೆಸಿದ, ಬಟ್ಟೆ ಬಿಳಿಯಾಗೇ ಉಳಿಯುವ ತನಕ ಒರೆಸಿದ. ವಾಟರ್ ಪೇಪರೆಂಬ ನುಣುಪಾದ ಉಪ್ಪುಕಾಗದದಿಂದ ಹೊಳಪು ಸಾಯುವಷ್ಟು ಮಾತ್ರ ಉಜ್ಜಿದ. ಪ್ಲಾಸ್ಟಿಕ್ಕಿಗೆಂದೇ ಬರುವ ಪ್ರೈಮರು, ಅದರ ಮೇಲೆ ತೆಳ್ಳಗೆ ಮೂರು ಕೋಟು, ಕೊನೆಗೆ ಕ್ಲಿಯರು ಎಂಬ, ಮಂಕು ಹೊಳಪಿನ ಪಾರದರ್ಶಕ ಕೋಟು. ಪ್ರತಿ ಕೋಟಿನ ನಡುವೆ ಬೀಡಿಯನ್ನೂ ಸೇದದೆ, ಧೂಳೇಳಬಾರದೆಂದು ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸುತ್ತ ಕೂತ. ನಾಲ್ಕನೇ ದಿನ ಸಂಜೆ ತಂತಿಗಳಿಂದ ತೂಗುತ್ತಿದ್ದ ಹದಿನೇಳು ತುಂಡುಗಳು ಕಾರ್ಖಾನೆಯಿಂದ ಆಗ ತಾನೇ ಇಳಿದಂತೆ ಕಂಡವು. ಭಾವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ನಾನು ಕೆಲಸಕ್ಕೆ ಸೇರಿದಾಗ ಹಿಂಗಿತ್ತು ಕಣೋ" ಎಂದ.

"ಏಳು ದಿನ ಭಾವ. ಯಾರೂ ಉಸಿರು ಕೂಡ ಬಿಡಬಾರದು."

ಭಾವ ಶೆಡ್ಡಿಗೆ ಬೀಗ ಜಡಿದು ಏಳು ದಿನ ಬಾಗಿಲಲ್ಲೇ ಕೂತ. ಆದರೆ ಆರನೇ ದಿನ ಅವನು ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ ನಂಬರಯ್ಯ ತಮ್ಮ ಬೀಗದ ಕೈ ತಂದು ಶೆಡ್ಡು ತೆಗೆಸಿದರು. ನಲವತ್ತೆರಡನೇ ನಿಯಮದ ಪ್ರಕಾರ ಐದು ದಿನಕ್ಕಿಂತ ಹೆಚ್ಚು ಕಾಲ ನಿರುಪಯೋಗಿಯಾಗಿ ಉಳಿದ ಸ್ವತಂತ್ರ ವಸ್ತುಗಳನ್ನು ಅಗತ್ಯವಿರುವ ಶಾಖೆಗಳಿಗೆ ಹಂಚತಕ್ಕದ್ದು. ಅವರೇನೂ ತಪ್ಪು ಮಾಡಲಿಲ್ಲ. ಹಂಚಿ, ಖಾಲಿ ಶೆಡ್ಡಿಗೆ ಮತ್ತೆ ಬೀಗ ಹಾಕಿಸಿದರು.

ಏಳು ದಿನ ತುಂಬಿದ ಮರುದಿನ ಬೆಳಿಗ್ಗೆ ಬಣ್ಣದವನು ಸ್ಕ್ರೂಡ್ರೈವರ್ ಹಿಡಿದು ಬಂದಾಗ ಶೆಡ್ಡಿನಲ್ಲಿ ಬರೀ ತಂತಿಗಳು ಅಲ್ಲಾಡುತ್ತಿದ್ದವು. ಭಾವ ಕಾರಿನ ಬಾಗಿಲ ಹೊಸ್ತಿಲಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ.

ಇಬ್ಬರೂ ಮಂಡಳಿಯ ಕೋಣೆಕೋಣೆ ಸುತ್ತಿದರು. ಡ್ಯಾಶ್‌ಬೋರ್ಡು ನಿರ್ದೇಶಕರ ಹೊರಕೋಣೆಯಲ್ಲಿ ಎರಡು ಸ್ಟೂಲಿನ ಮೇಲೆ ಕೂತು, ಬಂದವರನ್ನು ತಡೆಯುವ ಕೌಂಟರಾಗಿತ್ತು. ಅದರ ಹಿಂದೆ ಜವಾನ ಗತ್ತಿನಿಂದ ನಿಂತಿದ್ದ, ಗಾಳಿ ಬರುವ ಕಿಂಡಿಗಳಲ್ಲಿ ಪೆನ್ನುಗಳನ್ನು ಸಿಕ್ಕಿಸಿದ್ದ. ಲೋಟ ಇಡುವ ಎರಡು ಕುಳಿಗಳಿದ್ದ ನಡುವಿನ ಕವಚ ಕುಡಿಯುವ ನೀರಿನ ಮೂಲೆಯಲ್ಲಿ ಲೋಟಗಳನ್ನೇ ಹೊತ್ತು ಕೂತಿತ್ತು. ಬಾಗಿಲ ಒಳಹಲಗೆಗಳ ಮೇಲೆ ಕಡತ ಶಾಖೆಯವರು ರಜೆಯ ಪಟ್ಟಿ ತೂಗಿಹಾಕಿದ್ದರು. ಮುಂದಿನ ಸೀಟಿನೆದುರಿನ ಸಾಮಾನು ಡಬ್ಬಿಯ ಮುಚ್ಚಳ ಟೈಪಿಸ್ಟಮ್ಮನವರ ಮೇಜಿನ ಮೇಲೆ ಟ್ರೇ ಆಗಿ ಕಂಗೊಳಿಸುತ್ತಿತ್ತು.

"ಅಮ್ಮಾ, ಅದು ಕಾರಿನ ಮುಚ್ಚಳ" ಎಂದ ಬಣ್ಣದವನು.

"ಹನ್ನೊಂದು ವರ್ಷದಿಂದ ಟ್ರೇ ಕೇಳ್ತಿದ್ದೀನಿ. ಹನ್ನೊಂದು ಅರ್ಜಿ ಕೊಟ್ಟಿದ್ದೀನಿ. ಮೊನ್ನೆ ಬಂತು. ಬಂದಿರೋದನ್ನ ಮುಟ್ಟಿದ್ರೆ ನೋಡು!"

"ಅದ್ರ ಮೇಲೆ ಇಡೀ ಕಾಗದ ಹಿಡಿಸೋದೂ ಇಲ್ಲವಲ್ಲಮ್ಮಾ."

"ಅರ್ಧ ಮಡಚಿ ಇಡ್ತೀನಪ್ಪಾ. ನಿನಗೇನು ಕಷ್ಟ?"

ಅವನು ನಂಬರಯ್ಯನವರ ಹತ್ತಿರ ಹೋದ. ನಂಬರಯ್ಯ ಸಾವಧಾನವಾಗಿ ಪುಸ್ತಕ ಬಿಡಿಸಿ ವಿವರಿಸಿದರು. ಹಂಚಿಕೆಯಾದ ವಸ್ತುಗಳನ್ನು ಕಾರಿಗೆ ವಾಪಸ್ ಕೊಡಬಹುದು, ತೊಂದರೆಯೇನಿಲ್ಲ. ಕಾರಿಗೆ ಅಗತ್ಯವಿದೆಯೆಂದು ಕಾರಿನ ಶಾಖೆಯಿಂದ ಬೇಡಿಕೆ ಪತ್ರ ಬರಬೇಕು. ಕಾರಿಗೆ ಶಾಖೆ ಇದೆಯೇ? ಇಲ್ಲ. ಕಾರೇ ಒಂದು ಶಾಖೆಯಾಗಬಹುದೇ? ಆಗಬಹುದು, ಆದರೆ ಶಾಖೆ ಎಂದ ಮೇಲೆ ಸುಸ್ಥಿತಿಯಲ್ಲಿರಬೇಕು, ಕಾರಿನ ಒಳಮೈಯೇ ಇಲ್ಲವಲ್ಲ.

"ಒಳಮೈ ನೀವೇ ಹಂಚಿಬಿಟ್ರಿ ಸಾರ್!"

"ಅದಕ್ಕೇ ಇಲ್ಲ" ಎಂದರು ನಂಬರಯ್ಯ, ಕಷ್ಟದ ಲೆಕ್ಕವೊಂದು ಕೊನೆಗೂ ಅರ್ಥವಾದ ವಿದ್ಯಾರ್ಥಿಯನ್ನು ಮೆಚ್ಚುವಂತೆ.

ಬಣ್ಣದವನು ಹಠ ಬಿಡಲಿಲ್ಲ. ಗುಜರಿಯಿಂದ ಅದೇ ಮಾದರಿಯ ಹಳೇ ತುಂಡುಗಳನ್ನು ತಂದು ತನ್ನ ಖರ್ಚಲ್ಲೇ ಬಣ್ಣ ಹೊಡೆದು ಹಾಕುತ್ತೇನೆ ಎಂದ. ಹೊರಗಿನ ತುಂಡನ್ನು ಮಂಡಳಿಯ ಕಾರಿಗೆ ಹಾಕಿದರೆ ಕಾರು ಅಷ್ಟರ ಮಟ್ಟಿಗೆ ಹೊರಗಿನದಾಗುತ್ತದೆ ಎಂಬ ಉತ್ತರ ಬಂತು. ನಿರ್ದೇಶಕರ ಕಾಲು ಹಿಡಿಯೋಣವೆಂದು ಹೊರಕೋಣೆಗೆ ಹೋದ. ನಿರ್ದೇಶಕರು ಡ್ಯಾಶ್‌ಬೋರ್ಡಿಗೆ ಮೊಣಕೈ ಊರಿ ನಿಂತಿದ್ದರು. ಅವನನ್ನು ಕಂಡು ತೋಳು ಎತ್ತಿ ತೋರಿಸಿದರು. ಅಂಗಿ ಹಾಲಿನಂತೆ ಬೆಳ್ಳಗಿತ್ತು.

"ನೋಡಯ್ಯ! ಎರಡು ದಿನದಿಂದ ಉಜ್ಜುತ್ತಿದ್ದೀನಿ. ಒಂದು ಚೂರು ಬಂದಿಲ್ಲ."

"ಕಾರಲ್ಲಿ ಹಾಕಿದ್ರೂ ಬರಲ್ಲ ಸಾರ್."

"ಕಾರಲ್ಲಿ ಹಾಕಿದ್ರೆ ಒಂಬತ್ತು ವರ್ಷ ಬಂದಿದೆ" ಎಂದರು ನಿರ್ದೇಶಕರು. ಅನುಭವದ ಮಾತಿಗೆ ಎದುರಾಡುವುದು ಹೇಗೆ?

ತಪಾಸಣೆಗೆ ಮೂರು ದಿನ ಉಳಿದಿತ್ತು. ಅಕ್ಕ ಮಳಿಗೆಗೆ ಬಂದು ಥಿನ್ನರ್ ಡಬ್ಬಿಯ ಮೇಲೆ ಕೂತಳು. ಬೈಯಲು ಬಂದವಳು, ಬೈಯುವುದಕ್ಕೆ ಬಾಯಿ ಬರದೆ ಸೆರಗಿನ ತುದಿ ಹಿಸುಕುತ್ತಿದ್ದಳು. "ರಾತ್ರಿ ನಿದ್ದೆ ಮಾಡ್ತಿಲ್ಲ ಕಣೋ ನಿಮ್ಮ ಭಾವ. ಎದ್ದು ಕೂತು ಗೇರ್ ಹಾಕ್ತಾರೆ. ನಿನ್ನ ಬಣ್ಣ ಸ್ವಲ್ಪ ಕೆಟ್ಟದಾಗಿ ಬಂದಿದ್ರೆ ಅದನ್ನ ಯಾರೂ ಒಯ್ತಿರ್ಲಿಲ್ಲ." ತನ್ನ ಕೆಲಸ ಚೆನ್ನಾಗಿದ್ದದ್ದಕ್ಕೆ ಯಾರೋ ಅಳುವುದನ್ನು ಬಣ್ಣದವನು ಮೊದಲ ಸಲ ನೋಡುತ್ತಿದ್ದ, ಕೋಪ ಬಂದು ಕುಂಚವೊಂದನ್ನು ಗೋಡೆಗೆ ಎಸೆದ.

ತಪಾಸಣಾಧಿಕಾರಿ ಬಂದರು. ಮೇಲಿನ ಕಚೇರಿಯ ಹೆಂಗಸು, ಒಣಕಲು ದೇಹ, ನಗು ಕಾಣದ ಮುಖ. ಎಲ್ಲವನ್ನೂ ಬಿಳಿ ಕರ್ಚೀಫಿನಿಂದ ಒರೆಸಿ ನೋಡುವ ಕ್ರಮದಿಂದಾಗಿ ಕರ್ಚೀಫಮ್ಮ ಎಂದೇ ಪ್ರಸಿದ್ಧರು. ಜೊತೆಗೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಒಬ್ಬ ಗುಮಾಸ್ತ. ಅವರು ಕೌಂಟರು ಒರೆಸಿದರು, ಟ್ರೇ ಒರೆಸಿದರು, ರಜೆಯ ಪಟ್ಟಿಯ ಹಿಂದೆ ಒರೆಸಿದರು. ಕರ್ಚೀಫು ಬಿಳಿಯಾಗಿಯೇ ಉಳಿಯಿತು. ಉಗುರಿನಿಂದ ಕೆರೆದರು, ಉಗುರೇ ಸವೆಯಿತು. ಅವರ ನೌಕರಿಯಲ್ಲಿ ಇಂಥದ್ದು ಆದದ್ದೇ ಇಲ್ಲ.

"ಇವು ಮೂಲತಃ ಯಾವುದರ ಭಾಗ?" ಎಂದರು.

ಎಲ್ಲರೂ ಶೆಡ್ಡಿಗೆ ಹೋದರು. ಕರ್ಚೀಫಮ್ಮ ಕಾರಿನೊಳಗೆ ಇಣುಕಿ ನೋಡಿ, ತಗಡನ್ನು ಒರೆಸಿ, ಕಪ್ಪಾದ ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಗುಮಾಸ್ತನಿಗೆ ಬರೆಸಿದರು: "ಒಳಮೈ ಇಲ್ಲದ್ದನ್ನು ವಾಹನ ಎನ್ನಲಾಗದು. ವಾಹನ ರದ್ದು. ಮುಂದಿನ ಸಾಲು. ಚಾಲಕನ ಹುದ್ದೆ..."

ಭಾವ ಟೋಪಿ ತೆಗೆದು ಗೋಡೆಗೆ ಒತ್ತಿಕೊಂಡು ನಿಂತಿದ್ದ. ಕಾರಿನ ಬೀಗದ ಕೈ ಅವನ ಮುಷ್ಟಿಯಲ್ಲಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಬಣ್ಣದವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಒಂದ್ನಿಮಿಷ. ಒಳಮೈ ಇಲ್ದೇ ಇದ್ರೆ ವಾಹನ ಇಲ್ಲ ಅಂತ ತಾವೇ ಬರೆಸಿದ್ರಿ."

"ಹೌದು."

"ಅಂದ್ರೆ ವಾಹನ ಅನ್ನೋದು ಇರೋದು ಒಳಮೈಯಲ್ಲಿ. ಒಳಮೈ ಎಲ್ಲೂ ಹೋಗಿಲ್ಲ. ಹದಿನೇಳಕ್ಕೆ ಹದಿನೇಳೂ ಇದೆ, ನಂಬರ್ ಸಮೇತ ಇದೆ, ತಾವೇ ಒರೆಸಿ ನೋಡಿದ್ರಿ. ಒಳಮೈ ಇದ್ಮೇಲೆ ವಾಹನ ಇದೆ. ವಾಹನ ಇದ್ಮೇಲೆ ಚಾಲಕ ಇರ್ಲೇಬೇಕಲ್ವಾ?"

ಆದ್ದರಿಂದ ಅವೆಲ್ಲವನ್ನೂ ವಾಪಸ್ ಕಾರಿಗೆ ಜೋಡಿಸಲು ಅಪ್ಪಣೆ ಕೊಡಿ ಎಂಬುದು ಅವನ ಮುಂದಿನ ಮಾತು. ಅದನ್ನು ಹೇಳಲು ಅವನಿಗೆ ಬಿಡುವೇ ಸಿಗಲಿಲ್ಲ. ಕರ್ಚೀಫಮ್ಮನವರ ಮುಖದಲ್ಲಿ ನಗುವಿನಂಥದ್ದೊಂದು ಮೂಡಿತ್ತು. ನಿರ್ದೇಶಕರು ತೊಡೆ ತಟ್ಟಿದರು. ನಂಬರಯ್ಯ ಆಗಲೇ ಪುಸ್ತಕದ ಹಾಳೆ ಮಗುಚಿದ್ದರು. ಶೆಡ್ಡಿನಲ್ಲಿ ನಿಂತೇ ಮೂವರೂ ಒಮ್ಮತಕ್ಕೆ ಬಂದರು.

ವರದಿ ಹೀಗಿತ್ತು: "ವಾಹನದ ಒಳಮೈ ಅತ್ಯುತ್ತಮ ಸ್ಥಿತಿಯಲ್ಲಿದ್ದು, ಆ ಮೂಲಕ ವಾಹನವೂ ಅತ್ಯುತ್ತಮ ಸ್ಥಿತಿಯಲ್ಲಿದೆ. ಬಿಸಿಲು, ಕುಲುಕಾಟ, ಬೆವರಿದ ಮೊಣಕೈ, ಬಾಗಿಲಿನ ಹೊಡೆತ, ಇವೇ ಒಳಮೈಯ ಶತ್ರುಗಳು; ಇವೆಲ್ಲವೂ ಸದರಿ ಕಾರಿನಿಂದಲೇ ಉಂಟಾಗುತ್ತಿದ್ದವು. ಒಂಬತ್ತು ವರ್ಷ ಬಣ್ಣ ಬಾಳದಿದ್ದುದಕ್ಕೆ ಕಾರೇ ಕಾರಣವೆಂದು ದೃಢಪಟ್ಟಿರುವುದರಿಂದ, ಕಾರನ್ನು ವಾಹನದಿಂದ ಬೇರ್ಪಡಿಸಿ ವಿಲೇವಾರಿ ಮಾಡತಕ್ಕದ್ದು. ಚಾಲಕನ ಹುದ್ದೆ ಮುಂದುವರಿಯತಕ್ಕದ್ದು."

ಕೊನೆಯ ಸಾಲು ಓದಿದಾಗ ಭಾವ ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡ. ಬಣ್ಣದವನು ಬಾಯಿ ತೆರೆದ, ಭಾವನನ್ನು ನೋಡಿ ಬಾಯಿ ಮುಚ್ಚಿಕೊಂಡ. ಆವತ್ತು ಸಂಜೆ ಅಕ್ಕ ಅವನ ಗಲ್ಲ ಹಿಡಿದು "ಎಂಥಾ ಮಾತಾಡಿದೆಯೋ!" ಎಂದು ಹೊಗಳಿದಳು. ಅವನು ಗೋಡೆ ನೋಡುತ್ತ ನಿಂತಿದ್ದ.

ಆಮೇಲೆ ಕೆಲಸಗಳು ಹೂವೆತ್ತಿದಷ್ಟು ಹಗುರವಾಗಿ ನಡೆದವು. ನಡುಮನೆಯಷ್ಟು ಅಗಲದ ಸಭಾಂಗಣದಲ್ಲಿ "ಪ್ರವಾಸ ಶಾಖೆ" ತೆರೆಯಲಾಯಿತು. ಶಾಖೆ ಎಂದ ಮೇಲೆ ಬೇಡಿಕೆ ಪತ್ರ ಬರೆಯಬಹುದಲ್ಲ. ಬರೆದ ಒಂದು ಗಂಟೆಯಲ್ಲಿ ಹದಿನೇಳು ತುಂಡುಗಳೂ ಬಂದು ಸೇರಿದವು. ಮರದ ಚೌಕಟ್ಟು ಮಾಡಿಸಿ, ಇದ್ದಲ್ಲಿ ಇದ್ದಂತೆ ಜೋಡಿಸಿ, ನಡುವೆ ನಾಲ್ಕು ಕುರ್ಚಿ ಹಾಕಿದರು. ಸ್ಟೀರಿಂಗನ್ನು ಕಾರಿನಿಂದ ತಂದರು. ಕಿಟಕಿಗೆ ಪರದೆ ಬಿಟ್ಟು ಬಿಸಿಲು ತಡೆದರು. ಟ್ರೇ ಬಿಟ್ಟುಕೊಟ್ಟ ಟೈಪಿಸ್ಟಮ್ಮನವರಿಗೆ ಶುಕ್ರವಾರಗಳಂದು ಮುಂದಿನ ಕುರ್ಚಿಯಲ್ಲಿ ಕೂರುವ ಹಕ್ಕು ಕೊಡಲಾಯಿತು. ಕಾರು ಗುಜರಿಗೆ ಹೋಯಿತು.

ನಿರ್ದೇಶಕರ ಪ್ರವಾಸಗಳು ಹೆಚ್ಚಿದವು. ಮೊದಲು ತಿಂಗಳಿಗೆ ನಾಲ್ಕು ಸೇತುವೆ ನೋಡುವುದೇ ಕಷ್ಟವಾಗಿತ್ತು, ಈಗ ಒಂದು ಬೆಳಿಗ್ಗೆಗೆ ಆರು. ಭಾವನ ಹಿಂದಿನ ಕುರ್ಚಿಯಲ್ಲಿ ಕೂತು, ಬಾಗಿಲ ಹಲಗೆಯ ಮೇಲೆ ಬಿಳಿ ತೋಳನ್ನು ಊರಿ, ಅವರು ವರದಿ ಬರೆಸುತ್ತಿದ್ದರು: ಸುಸ್ಥಿತಿ, ಸುಸ್ಥಿತಿ, ಸುಸ್ಥಿತಿ. ಕಾಲುವೆಯ ಮೇಲಿನ ಕಾಲುಸೇತುವೆಯ ಕಂಬಿ ಮುರಿದು ಬಿದ್ದು ಇಬ್ಬರು ನೀರಿಗೆ ಬಿದ್ದರೆಂದು ಅಲ್ಲಿಯವರು ದೂರು ತಂದಾಗ, ಮಂಡಳಿ ಪ್ರಕಟಣೆ ಹೊರಡಿಸಿತು: "ಸದರಿ ಕಂಬಿಯನ್ನು ಕಳೆದ ಮಂಗಳವಾರ ನಿರ್ದೇಶಕರು ಖುದ್ದು ಪ್ರವಾಸದಲ್ಲಿ ಪರಿಶೀಲಿಸಿದ್ದು, ಕಂಬಿ ನಿಂತೇ ಇದೆ. ಬಿದ್ದಿದೆ ಎನ್ನುವವರು ಪೂರ್ವಾನುಮತಿ ಪಡೆದು ಹೇಳತಕ್ಕದ್ದು." ನೀರಿಗೆ ಬಿದ್ದ ಇಬ್ಬರೂ ಈಜು ಬಲ್ಲವರಾಗಿದ್ದರಿಂದ ಅನುಮತಿಗೆ ಅರ್ಜಿ ಹಾಕಿಕೊಂಡರು.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಬಣ್ಣದವನು ತನ್ನ ಕೆಲಸ ಹೇಗಿದೆ ನೋಡೋಣವೆಂದು ಮಂಡಳಿಗೆ ಹೋದ. ಅಷ್ಟು ದಿನ ಅವನು ಆ ಬೀದಿಗೆ ಕಾಲಿಟ್ಟಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ.

"ಸಾಹೇಬ್ರು ದಾರೀಲಿದ್ದಾರೆ. ಹತ್ತು ನಿಮಿಷ ಆಗುತ್ತೆ."

ಬೆಂಚಿನ ಮೇಲೆ ಕಾದ. ಇನ್ನೂ ಮೂವರು ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ನಿರ್ದೇಶಕರು ಎದ್ದು, ಸೊಂಟ ಹಿಂದಕ್ಕೆ ಬಾಗಿಸಿ ಲಟಿಕೆ ತೆಗೆದು, "ರಸ್ತೆ ಬಹಳ ಕೆಟ್ಟಿದೆ" ಎನ್ನುತ್ತ ತಮ್ಮ ಕೋಣೆಗೆ ಹೋದರು.

ಬಣ್ಣದವನು ಒಳಗೆ ಹೋದ. ಪರದೆಯ ಮಬ್ಬು ಬೆಳಕಿನಲ್ಲಿ ಡ್ಯಾಶ್‌ಬೋರ್ಡು ಗಂಭೀರವಾಗಿ ಮಲಗಿತ್ತು. ಹೆಬ್ಬೆರಳಿನ ಉಗುರಿನಿಂದ ಅಂಚಿನಲ್ಲಿ, ಎಲ್ಲಿ ಬಣ್ಣ ಮೊದಲು ಏಳುತ್ತದೋ ಅಲ್ಲಿ, ಗಟ್ಟಿಯಾಗಿ ಗೀರಿ ನೋಡಿದ. ಒಂದು ಎಳೆಯೂ ಏಳಲಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೂ ಏಳುವುದಿಲ್ಲ. ಅವನಿಗೆ ಹೆಮ್ಮೆಯಾಯಿತು. ನಾಚಿಕೆಯೂ ಆಯಿತು, ಆದರೆ ಮೊದಲು ಆದದ್ದು ಹೆಮ್ಮೆ, ಅದನ್ನು ಅವನು ತನ್ನಿಂದ ಮುಚ್ಚಿಡಲಾರದೆ ಹೋದ.

ಭಾವ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಟೋಪಿ ಹಾಕಿಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೆಟ್ಟಗೆ ಎದುರಿನ ಗೋಡೆ ನೋಡುತ್ತಿದ್ದ. ಕುತ್ತಿಗೆಯಲ್ಲಿ ಬೆವರಿತ್ತು. ಹಿಂದೆ ಯಾರೂ ಕೂತಿಲ್ಲ ಎಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ. ಬಲಗಾಲು ನೆಲಕ್ಕೆ ಮೆಲ್ಲಗೆ ಒತ್ತುತ್ತಿತ್ತು, ಸಡಿಲವಾಗುತ್ತಿತ್ತು.

ಬಣ್ಣದವನು ಹತ್ತಿರ ಹೋದ. ಭುಜ ಮುಟ್ಟಿ, "ಭಾವ, ಸಾಕು ಬನ್ನಿ. ಸಾಹೇಬ್ರು ಹೋದ್ರು. ಮನೆಗೆ ಹೋಗೋಣ" ಎಂದ.

ಭಾವ ಕಣ್ಣು ಕದಲಿಸಲಿಲ್ಲ.

"ಗಾಡಿ ಓಡಿಸೋವಾಗ ಮಾತಾಡಿಸ್ಬೇಡ ಕಣೋ. ಮುಂದೆ ತಿರುವಿದೆ."

ಬಣ್ಣದವನು ಕೈ ತೆಗೆದ. ತಪ್ಪಾಯಿತೆಂಬಂತೆ ಸದ್ದಿಲ್ಲದೆ ಹಿಂದಿನ ಕುರ್ಚಿಯಲ್ಲಿ ಕೂತು, ತಿರುವು ದಾಟುವ ತನಕ ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡ.